ವಾರ್ಡುಗಳ ಹದ್ದುಬಸ್ತು

ಒಬ್ಬ ರೈತನು ತನ್ನ ಎರಡು ಎಕರೆ ಹೊಲಕ್ಕೆ ಹದ್ದುಬಸ್ತು ಮಾಡಿಸಿಕೊಡಬೇಕೆಂದು ಅರ್ಜಿ ಕೊಟ್ಟರೆ, ಮೋಜಣಿದಾರನು ಅಳತೆಗೆ ಬರುವುದಕ್ಕೆ ಮೊದಲು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ಹೋಗುತ್ತದೆ. ಅವರು ಬಂದು ಬದುವಿನ ಮೇಲೆ ನಿಂತು, ಇದು ಹಿರಿಯರ ಕಾಲದ ಕಲ್ಲು, ಇದು ಈಚೆಗೆ ನೆಟ್ಟದ್ದು ಎಂದು ಹೇಳಬಹುದು. ಎರಡು ಎಕರೆ ನೆಲಕ್ಕೆ ನಾವು ತೋರುವ ಈ ಮರ್ಯಾದೆಯನ್ನು ಲಕ್ಷಾಂತರ ಪ್ರಜೆಗಳ ಮತದಾನದ ಎಲ್ಲೆಗೆ ತೋರುತ್ತಿದ್ದೇವೆಯೆ ಎಂಬುದೇ ಈ ಲೇಖನದ ಪ್ರಶ್ನೆ. ತೋರುತ್ತಿಲ್ಲವೆಂಬುದು ನನ್ನ ಉತ್ತರ. ಕಲ್ಲು ನೆಟ್ಟ ಮೇಲೆ ನೆರೆಯವರನ್ನು ಕರೆಯುತ್ತೇವೆ; ಕರೆದ ಮೇಲೆ ಅವರು ಹೇಳಿದ್ದಕ್ಕೆ ಏನಾಯಿತೆಂದು ಅವರಿಗೆ ತಿಳಿಸುವುದಿಲ್ಲ.

ವಾರ್ಡಿನ ಎಲ್ಲೆಯೆಂದರೆ ನಕ್ಷೆಯ ಮೇಲಿನ ಒಂದು ಗೆರೆ ಮಾತ್ರವೆಂದು ತಿಳಿಯುವವರು ಬಹುಮಂದಿ. ಆ ಗೆರೆಯು ಮಾಡುವ ಕೆಲಸ ಸಾಮಾನ್ಯವಾದುದಲ್ಲ. ಯಾರ ಜೊತೆಗೆ ನಮ್ಮ ಮತವು ಎಣಿಸಲ್ಪಡಬೇಕು, ಕಟ್ಟಿಕೊಂಡ ಚರಂಡಿಗೆ ನಾವು ಯಾರ ಮನೆಯ ಬಾಗಿಲು ತಟ್ಟಬೇಕು, ಒಂದು ಕೇರಿಯ ಜನರು ಒಂದಾಗಿ ನಿಂತು ಒಬ್ಬನನ್ನು ಆರಿಸಬಲ್ಲರೆ ಅಥವಾ ಮೂರು ಪಾಲಾಗಿ ಮೂರು ಕಡೆಯಲ್ಲಿಯೂ ಅಲ್ಪಸಂಖ್ಯೆಯವರಾಗಿ ಉಳಿಯುವರೆ, ಇವೆಲ್ಲವೂ ಆ ಗೆರೆಯಿಂದ ನಿರ್ಣಯವಾಗುತ್ತವೆ. 1812ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಗವರ್ನರಾಗಿದ್ದ ಎಲ್‌ಬ್ರಿಜ್ ಗೆರಿ ಎಂಬಾತನು ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಹೊಸೆದಿದ್ದ ಕ್ಷೇತ್ರಗಳ ಶಾಸನಕ್ಕೆ ಅಂಕಿತ ಹಾಕಿದನು. ಅವುಗಳಲ್ಲಿ ಒಂದು ಕ್ಷೇತ್ರವು ಹಲ್ಲಿಯನ್ನು ಹೋಲುವ ಸ್ಯಾಲಮಂಡರ್ ಎಂಬ ಜಂತುವಿನಂತೆ ಬಳುಕಿಕೊಂಡಿತ್ತು. ಅವನ ಹೆಸರನ್ನೂ ಆ ಜಂತುವಿನ ಹೆಸರನ್ನೂ ಸಂಧಿ ಮಾಡಿ ಅಲ್ಲಿಯ ಪತ್ರಿಕೆಯವರು ಕಟ್ಟಿದ ಶಬ್ದವು ಇಂದಿಗೂ ಇಂಥ ಕುಟಿಲತೆಗೆ ಹೆಸರಾಗಿ ನಿಂತಿದೆ. ಮತಪತ್ರವನ್ನು ಮುಟ್ಟದೆಯೇ ಮತದ ಫಲವನ್ನು ಮಾರ್ಪಡಿಸಬಹುದೆಂಬುದಕ್ಕೆ ಈ ಒಂದು ನಿದರ್ಶನ ಸಾಕು.

ಈಗ ನಮ್ಮ ರಾಜಧಾನಿಯ ಸಂಗತಿಯನ್ನು ನೋಡೋಣ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 2015ರ ಆಗಸ್ಟ್ 22ರಂದು ಚುನಾವಣೆ ನಡೆಯಿತು. ಆಗ ವಾರ್ಡುಗಳು 198. ಆ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವುದಕ್ಕೆ ಮೊದಲೇ ಮುಂದಿನ ಚುನಾವಣೆ ನಡೆದಿರತಕ್ಕದ್ದೆಂದು ಸಂವಿಧಾನದ 243-ಯು ವಿಧಿಯು ಸ್ಪಷ್ಟವಾಗಿ ವಿಧಿಸುತ್ತದೆ. ನಡೆದುದೇನು? 2020ರ ಹೊಸ ಕಾನೂನಿನ ಮೇರೆಗೆ ವಾರ್ಡುಗಳನ್ನು 243 ಮಾಡಬೇಕೆಂದಾಯಿತು. 2022ರ ಜೂನ್ 23ರಂದು ಕರಡು ಹೊರಬಿದ್ದಿತು. ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟರು. ಜುಲೈ 14ರಂದು ಅಂತಿಮ ಅಧಿಸೂಚನೆ ಪ್ರಕಟವಾಯಿತು. ಎಂದರೆ, ಕೊನೆಯ ಆಕ್ಷೇಪಣೆ ಬಂದ ದಿನಕ್ಕೂ ಅಂತಿಮ ನಿರ್ಣಯಕ್ಕೂ ನಡುವೆ ಇದ್ದದ್ದು ಸುಮಾರು ಒಂದು ವಾರ. ಮರುವರ್ಷ ಬೇರೆ ಪಕ್ಷದ ಸರ್ಕಾರ ಬಂದಿತು. ಹಿಂದಿನವರ ಗೆರೆಗಳು ಸರಿಯಿಲ್ಲವೆಂದಿತು. ಉಚ್ಚ ನ್ಯಾಯಾಲಯದಿಂದ ಕಾಲಾವಕಾಶ ಪಡೆದು, 2023ರ ಸೆಪ್ಟೆಂಬರಿನಲ್ಲಿ 225 ವಾರ್ಡುಗಳನ್ನು ಪ್ರಕಟಿಸಿತು. ಅವುಗಳಿಗೂ ಚುನಾವಣೆಯ ಭಾಗ್ಯ ಬರಲಿಲ್ಲ. 2025ರ ಮೇ 15ರಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾನೂನು ಜಾರಿಗೆ ಬಂದು, ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯ ಸ್ಥಳದಲ್ಲಿ ಐದು ಪಾಲಿಕೆಗಳಾದವು. ಅದೇ ತಿಂಗಳ 30ರಂದು 368 ವಾರ್ಡುಗಳ ಕರಡು ಹೊರಟಿತು; ಅಕ್ಟೋಬರ್ 15ರ ವರೆಗೆ ಆಕ್ಷೇಪಣೆಗೆ ಅವಕಾಶ; ನವೆಂಬರಿನಲ್ಲಿ 369 ಎಂದು ಅಂತಿಮವಾಯಿತು.

ಮೂರು ವರ್ಷಗಳಲ್ಲಿ ಮೂರು ಸಲ ಎಲ್ಲೆ ಕಟ್ಟಿದರು. ಮೂರಕ್ಕೂ ಆಧಾರ 2011ರ ಜನಗಣತಿ ಒಂದೇ. ಜನರ ಸಂಖ್ಯೆಯ ಲೆಕ್ಕ ಬದಲಾಗಲಿಲ್ಲ. ಗೆರೆಗಳು ಮಾತ್ರ ಬದಲಾದವು. ಆ ಗಣತಿಯ ಸುಮಾರು 84 ಲಕ್ಷ ಜನರನ್ನು 198ರಿಂದ ಭಾಗಿಸಿದರೆ ವಾರ್ಡಿಗೆ ಸುಮಾರು 42 ಸಾವಿರ, 243ರಿಂದ ಭಾಗಿಸಿದರೆ ಸುಮಾರು 35 ಸಾವಿರ, 369ರಿಂದ ಭಾಗಿಸಿದರೆ ಸುಮಾರು 23 ಸಾವಿರ. ವಾರ್ಡು ಚಿಕ್ಕದಾದರೆ ಪ್ರತಿನಿಧಿಯು ಜನರಿಗೆ ಸಮೀಪನಾಗುವನೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2020ರ ಸೆಪ್ಟೆಂಬರಿನಿಂದ 2025ರ ಅಂತ್ಯದ ವರೆಗೆ ಐದು ವರ್ಷಗಳಿಗೂ ಮಿಕ್ಕಿ ಆ ಮಹಾನಗರದಲ್ಲಿ ಜನರು ಆರಿಸಿದ ಪಾಲಿಕೆಯ ಸಭೆಯೇ ಇರಲಿಲ್ಲ. ಹುಟ್ಟದ ಕೂಸಿಗೆ ಮೂರು ಸಲ ನಾಮಕರಣ ಮಾಡಿದಂತಾಯಿತು.

ಇದು ಬೆಂಗಳೂರಿಗೆ ಮಾತ್ರ ಸೇರಿದ ವ್ಯಾಧಿಯೆಂದು ಇತರ ಊರುಗಳ ವಾಚಕರು ನಿಶ್ಚಿಂತರಾಗಬಾರದು. ಕೆಲವು ವರ್ಷಗಳ ಹಿಂದೆ ನನಗೇ ಆದ ಒಂದು ಅನುಭವವನ್ನು ಹೇಳುತ್ತೇನೆ. ಊರಿನ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಹೇಳುವುದಿಲ್ಲ. ದೋಷವು ಪದ್ಧತಿಯದು, ವ್ಯಕ್ತಿಯದಲ್ಲ. ನಮ್ಮ ಬಡಾವಣೆಯನ್ನು ಎರಡಾಗಿ ಸೀಳುವ ಕರಡೊಂದು ಹೊರಟಿತು. ಕೆರೆಯು ಒಂದು ವಾರ್ಡಿಗೂ ಕೆರೆಗೆ ನೀರು ತರುವ ಕಾಲುವೆಯು ಇನ್ನೊಂದಕ್ಕೂ ಹೋಗಿತ್ತು. ಮಳೆಗಾಲದಲ್ಲಿ ಕಾಲುವೆ ಉಕ್ಕಿದರೆ ನೀರು ನುಗ್ಗುವುದು ಕೆರೆಯ ಪಕ್ಕದ ಮನೆಗಳಿಗೆ. ಹೂಳೆತ್ತಿಸತಕ್ಕ ಸದಸ್ಯನಾದರೋ ಅವರಿಂದ ಒಂದು ಮತವನ್ನೂ ಬೇಡಬೇಕಾಗಿಲ್ಲದವನು. ನಾವು ಹನ್ನೊಂದು ಮನೆಗಳವರು ಕೂಡಿ, ಗೆರೆಯನ್ನು ಎರಡು ಬೀದಿ ಪೂರ್ವಕ್ಕೆ ಸರಿಸಿದರೆ ಸಾಕೆಂದು, ಮನೆಗಳನ್ನು ಎಣಿಸಿ ತೋರಿಸಿ, ಒಂದು ಮನವಿಯನ್ನು ಬರೆದೆವು. ಕಚೇರಿಯಲ್ಲಿ ಅದನ್ನು ತೆಗೆದುಕೊಂಡು ಮೊಹರು ಹಾಕಿದರು. ವಿಚಾರಣೆ ಯಾವಾಗ ಎಂದು ಕೇಳಿದೆ. "ಮೇಷ್ಟ್ರೇ, ಮೊಹರು ಹಾಕಿಕೊಟ್ಟಿದ್ದೇನಲ್ಲ, ಇನ್ನೇನು ಬೇಕು?" ಎಂದು ಗುಮಾಸ್ತನು ವಿನಯವಾಗಿಯೇ ಕೇಳಿದನು. ಅವನು ಬಹುಶಃ ನನ್ನ ಶಿಷ್ಯನಿರಬೇಕು. ಅಂತಿಮ ಪಟ್ಟಿಯಲ್ಲಿ ಗೆರೆ ಇದ್ದ ಕಡೆಯೇ ಇತ್ತು. ನಮ್ಮ ಎಣಿಕೆ ತಪ್ಪೆಂದು ಯಾರೂ ಹೇಳಲಿಲ್ಲ; ಸರಿಯೆಂದೂ ಹೇಳಲಿಲ್ಲ. ಆ ಮೊಹರಿನ ಕಾಗದವು ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ.

ಪಾಠಶಾಲೆಯಲ್ಲಿ ನಮ್ಮ ಗುರುಗಳು ಒಂದು ನಿಯಮವನ್ನು ಬಿಡದೆ ನಡೆಸುತ್ತಿದ್ದರು. ಪೂರ್ವಪಕ್ಷವನ್ನು ಅದನ್ನು ನಂಬಿದವನಿಗೂ ಒಪ್ಪಿಗೆಯಾಗುವಂತೆ ಹೇಳಿ, ಅದಕ್ಕೆ ಉತ್ತರ ಕೊಟ್ಟ ಮೇಲೆಯೇ ಸಿದ್ಧಾಂತವನ್ನು ನುಡಿಯಬೇಕು. ಉತ್ತರವಿಲ್ಲದೆ ಸಿದ್ಧಾಂತಕ್ಕೆ ಹಾರಿದವನನ್ನು ಅವರು ಕೂರಿಸಿಬಿಡುತ್ತಿದ್ದರು. ನಮ್ಮ ವಾರ್ಡು ವಿಂಗಡಣೆಯಲ್ಲಿ ಪೂರ್ವಪಕ್ಷವನ್ನು ಆಹ್ವಾನಿಸುತ್ತಾರೆ, ಸಿದ್ಧಾಂತವನ್ನು ಪ್ರಕಟಿಸುತ್ತಾರೆ. ನಡುವಣ ಉತ್ತರವೊಂದು ಮಾತ್ರ ಕಾಣೆ. ಉತ್ತರ ಬಾರದ ಆಕ್ಷೇಪಣೆಯು ಕೇಳಲ್ಪಟ್ಟ ಆಕ್ಷೇಪಣೆಯಲ್ಲ, ಅದು ಅರಣ್ಯರೋದನ.

ನಾನು ನಿಯಮವನ್ನು ಹೇಳಿದ ಮೇಲೆ ನಾನೂ ಅದಕ್ಕೆ ಬದ್ಧನು. ಆದಕಾರಣ ಎದುರು ಪಕ್ಷದವರು ಹೇಳುವುದನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು: ಆಕ್ಷೇಪಣೆ ಕೊಡುವವರಲ್ಲಿ ಬಹುಮಂದಿ ಚುನಾವಣೆಗೆ ನಿಲ್ಲಬೇಕೆಂದಿರುವವರು, ಇಲ್ಲವೆ ಅವರ ಬಂಟರು, ಸ್ವಾರ್ಥಿಗಳ ಮಾತಿಗೆ ಬೆಲೆಯೇನು ಎಂಬುದು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಹದ್ದುಬಸ್ತಿಗೆ ಬರುವ ನೆರೆಯವನು ನಿಃಸ್ವಾರ್ಥಿಯೆ? ಅವನ ಮಾತನ್ನು ಕಲ್ಲಿನ ಎದುರಿಗಿಟ್ಟು ಪರೀಕ್ಷಿಸುತ್ತೇವೆ. ಯಾರು ಹೇಳಿದರೆಂಬುದಲ್ಲ, ಹೇಳಿದ್ದು ನಿಜವೆ ಎಂಬುದು ವಿಚಾರ. ಮೇಲಾಗಿ, ಕಾರಣವನ್ನು ಬಹಿರಂಗವಾಗಿ ಹೇಳಬೇಕಾದ ಸ್ಥಳದಲ್ಲಿ ಸ್ವಾರ್ಥವು ಅಂಜುತ್ತದೆ. ಮುಚ್ಚಿದ ಕೋಣೆಯಲ್ಲಿಯೇ ಅದಕ್ಕೆ ಬಲ ಹೆಚ್ಚು.

ಎರಡನೆಯದು: ಇದು ಲೆಕ್ಕಾಚಾರದ ಕೆಲಸ, ಪರಿಣತರಿಗೆ ಬಿಡತಕ್ಕದ್ದು ಎಂಬುದು. ವಾರ್ಡುಗಳ ಜನಸಂಖ್ಯೆ ಆದಷ್ಟು ಸಮನಾಗಿರಬೇಕೆಂಬುದು ನ್ಯಾಯವೇ. ಒಬ್ಬನ ಮತ ಮತ್ತೊಬ್ಬನ ಮತಕ್ಕಿಂತ ಹಗುರವಾಗಬಾರದು. ಆದರೆ ಸಮಪಾಲು ಮಾಡುವ ಗೆರೆ ಒಂದೇ ಅಲ್ಲ. ಒಂದೇ ಸಂಖ್ಯೆ ಬರುವಂತೆ ನೂರು ವಿಧವಾಗಿ ಗೆರೆ ಎಳೆಯಬಹುದು. ಆ ನೂರರಲ್ಲಿ ಯಾವುದನ್ನು ಆರಿಸಬೇಕು? ಯಾವ ಬೀದಿಯವರು ಯಾವ ಸಂತೆಗೆ ಹೋಗುತ್ತಾರೆ, ರೈಲುಹಳಿಯನ್ನು ದಾಟುವ ದಾರಿ ಎಲ್ಲಿದೆ, ಯಾವ ಮೋರಿಯ ನೀರು ಯಾವ ಕಡೆಗೆ ಹರಿಯುತ್ತದೆ, ಇವು ಅಂಕಿಯ ಪಟ್ಟಿಯಲ್ಲಿ ಇರುವುದಿಲ್ಲ. ಅಲ್ಲಿ ವಾಸಿಸುವ ಗೃಹಿಣಿಗೆ ತಿಳಿದಿರುತ್ತದೆ. ಆ ವಿಷಯದಲ್ಲಿ ಅವಳೇ ಪರಿಣತಳು.

ಮೂರನೆಯದು: ಎಲ್ಲರನ್ನೂ ಕೇಳುತ್ತ ಕುಳಿತರೆ ಚುನಾವಣೆ ತಡವಾಗುತ್ತದೆ ಎಂಬುದು. ಇದನ್ನು ಹೇಳುವವರು ಮೇಲಿನ ತಾರೀಖುಗಳನ್ನು ಇನ್ನೊಮ್ಮೆ ಓದಬೇಕು. ಹದಿನೈದು ದಿನಗಳ ಅವಸರವು ಐದು ವರ್ಷಗಳನ್ನು ಉಳಿಸಿತೆ? ಜನರ ಒಪ್ಪಿಗೆಯ ಬುನಾದಿಯಿಲ್ಲದ ಗೆರೆಯನ್ನು ಮುಂದೆ ಬಂದವರು ಸುಲಭವಾಗಿ ಅಳಿಸಿದರು. ತಾವು ಎಳೆದದ್ದಕ್ಕೂ ಬುನಾದಿ ಹಾಕಲಿಲ್ಲ. ಎರಡು ಪಕ್ಷಗಳ ಸರ್ಕಾರಗಳೂ ಇದರಲ್ಲಿ ಸಮಪಾಲುದಾರರು. ಬಹಿರಂಗವಾಗಿ ಕೇಳಿ, ಕಾರಣ ಬರೆದು ಕಟ್ಟಿದ ಎಲ್ಲೆಯನ್ನು ಅಳಿಸಹೊರಟವನು ಆ ಕಾರಣಗಳಿಗೆಲ್ಲ ಉತ್ತರ ಹೇಳಬೇಕಾಗುತ್ತದೆ. ಒಂದು ಸಲದ ತಾಳ್ಮೆಯು ಮೂರು ಸಲದ ಕೆಲಸವನ್ನು ಉಳಿಸುತ್ತದೆ.

ಇಷ್ಟನ್ನು ಬೇಡುವುದು ಆಕಾಶದ ಮಲ್ಲಿಗೆಯನ್ನು ಬೇಡಿದಂತಲ್ಲ. ಲೋಕಸಭೆ ಮತ್ತು ವಿಧಾನಸಭೆಗಳ ಕ್ಷೇತ್ರಗಳಿಗೆ ಅನ್ವಯಿಸುವ 2002ರ ಕಾನೂನಿನಲ್ಲಿ, ಕ್ಷೇತ್ರಗಳು ಒತ್ತಾಗಿ ಕೂಡಿದ ಪ್ರದೇಶಗಳಾಗಿರಬೇಕು, ನೆಲದ ಸ್ವರೂಪ, ಸಂಚಾರದ ಸೌಕರ್ಯ, ಸಾರ್ವಜನಿಕರ ಅನುಕೂಲ ಇವುಗಳನ್ನು ಗಮನಿಸಬೇಕು, ಆಕ್ಷೇಪಣೆಗಳನ್ನು ವಿಚಾರಿಸಲು ಬಹಿರಂಗ ಅಧಿವೇಶನಗಳನ್ನು ನಡೆಸಬೇಕು ಎಂದು ಬರೆದಿದೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳ ಎಲ್ಲೆಗಳಿಗಾಗಿಯೇ ಇರುವ ಸ್ವತಂತ್ರ ಆಯೋಗವು ಕರಡನ್ನು ಬರೆಯುವುದಕ್ಕೆ ಮೊದಲೊಮ್ಮೆ, ಬರೆದ ಮೇಲೊಮ್ಮೆ ಜನರನ್ನು ಕೇಳುತ್ತದೆ. ತನ್ನ ವರದಿಯಲ್ಲಿ ಯಾವ ಸಲಹೆಯನ್ನು ಏಕೆ ಒಪ್ಪಿತು, ಯಾವುದನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ವಿವರಿಸುತ್ತದೆ. ದೊಡ್ಡ ಸಭೆಗಳಿಗೆ ಯೋಗ್ಯವಾದ ಪದ್ಧತಿಯು ಮನೆಯ ಮುಂದಿನ ಮೋರಿಯ ಸಭೆಗೆ ಅಯೋಗ್ಯವೆಂದು ಹೇಳುವುದು ಹೇಗೆ?

ಇನ್ನೂ ಒಂದು ಮಾತುಂಟು. ವಾರ್ಡು ವಿಂಗಡಣೆಯ ಕಾನೂನುಗಳ ಸಿಂಧುತ್ವವನ್ನು ನ್ಯಾಯಾಲಯಗಳಲ್ಲಿ ಪ್ರಶ್ನಿಸಕೂಡದೆಂದು ಸಂವಿಧಾನದ 243-ಜೆಡ್‌ಜಿ ವಿಧಿಯು ಹೇಳುತ್ತದೆ. ಚುನಾವಣೆಗಳು ವ್ಯಾಜ್ಯಗಳಲ್ಲಿ ಸಿಕ್ಕಿಕೊಳ್ಳಬಾರದೆಂಬ ಉದ್ದೇಶ ಸರಿಯೇ. ಆದರೆ ನ್ಯಾಯಾಲಯದ ಬಾಗಿಲು ಕಿರಿದಾದಷ್ಟೂ ಆಕ್ಷೇಪಣೆಯ ಬಾಗಿಲು ಅಗಲವಾಗಬೇಕು. ಎರಡೂ ಕಿರಿದಾದರೆ ಪ್ರಜೆಯು ಹೋಗತಕ್ಕದ್ದೆಲ್ಲಿಗೆ?

ಆದಕಾರಣ ನಾಲ್ಕು ಬೇಡಿಕೆಗಳನ್ನು ಮುಂದಿಡುತ್ತೇನೆ. ಕರಡನ್ನು ಬರೆಯುವುದಕ್ಕೆ ಮೊದಲೇ ವಾರ್ಡುವಾರ್ಡಿನಲ್ಲಿಯೂ ನಿವಾಸಿಗಳ ಅಭಿಪ್ರಾಯವನ್ನು ಪಡೆಯಬೇಕು. ಕರಡು ಹೊರಟಾಗ, ಬೀದಿಗಳ ಹೆಸರು ಕಾಣುವ ನಕ್ಷೆಯನ್ನೂ ತಿಳಿಗನ್ನಡದ ಚಕ್ಕುಬಂದಿಯನ್ನೂ ವಾಚನಾಲಯದಲ್ಲಿ, ಶಾಲೆಯಲ್ಲಿ, ಪಡಿತರದ ಅಂಗಡಿಯಲ್ಲಿ ತೂಗುಹಾಕಿ, ಒಂದು ತಿಂಗಳಿಗೆ ಕಡಮೆಯಿಲ್ಲದ ಅವಕಾಶವನ್ನು ಕೊಡಬೇಕು. ಆಕ್ಷೇಪಣೆಗಳನ್ನು ಬಹಿರಂಗ ಸಭೆಯಲ್ಲಿ ಕೇಳಬೇಕು. ಕೊನೆಯದಾಗಿ, ಇದೊಂದು ದೊರೆತರೆ ಉಳಿದ ಮೂರೂ ತಾವಾಗಿಯೇ ಬಂದಾವು: ಪ್ರತಿಯೊಂದು ಆಕ್ಷೇಪಣೆಗೂ, ಒಪ್ಪಿದರೆ ಒಪ್ಪಿದ ಕಾರಣವನ್ನು, ತಳ್ಳಿದರೆ ತಳ್ಳಿದ ಕಾರಣವನ್ನು, ಎರಡು ಸಾಲಿನಲ್ಲಾದರೂ ಬರೆದು ಅಂತಿಮ ಅಧಿಸೂಚನೆಯ ಜೊತೆಯಲ್ಲಿ ಪ್ರಕಟಿಸಬೇಕು. ಕಾರಣ ಬರೆಯಬೇಕಾದವನು ಓದಲೇಬೇಕಾಗುತ್ತದೆ.

ಸರ್ಕಾರವನ್ನು ಇಷ್ಟು ಆಕ್ಷೇಪಿಸಿದ ಮೇಲೆ ನಮ್ಮನ್ನು ನಾವು ಬಿಟ್ಟುಕೊಂಡರೆ ಪಕ್ಷಪಾತವಾಗುತ್ತದೆ. ಎದುರು ಪಕ್ಷದವರ ನಾಲ್ಕನೆಯ ಮಾತನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ: ಅವಕಾಶ ಕೊಟ್ಟರೂ ಜನ ಬರುವುದಿಲ್ಲ ಎಂಬುದು. ಇದಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ನಮ್ಮ ಮನವಿಗೆ ನಾನು ಸುಮಾರು ನಲವತ್ತು ಮನೆಗಳ ಬಾಗಿಲಿಗೆ ಹೋದೆ. ರುಜು ಹಾಕಿದವು ಹನ್ನೊಂದು. ಉಳಿದವರು ನಿರಕ್ಷರರಲ್ಲ, ಪದವೀಧರರು, ಈ ಮಾಸಪತ್ರಿಕೆಯನ್ನು ತರಿಸಿ ಓದುವವರು. "ನಮಗೇಕೆ ಈ ರಾಜಕೀಯ, ಮೇಷ್ಟ್ರೇ" ಎಂದರು. ಆ ವರ್ಷದ ಮಳೆಗಾಲದಲ್ಲಿ ಕಾಲುವೆಯ ನೀರು ಮನೆಯೊಳಕ್ಕೆ ಬಂದಾಗ ಅದು ರುಜು ಹಾಕಿದವರ ಮನೆ ಯಾವುದು, ಹಾಕದವರ ಮನೆ ಯಾವುದು ಎಂದು ವಿಚಾರಿಸಲಿಲ್ಲ.

ಮುಂದಿನ ಜನಗಣತಿಯ ಗಣನೆಯ ದಿನವನ್ನು 2027ರ ಮಾರ್ಚ್ 1 ಎಂದು ಗೊತ್ತುಮಾಡಿದ್ದಾರೆ. ಹೊಸ ಸಂಖ್ಯೆಗಳು ಬಂದ ಮೇಲೆ ನಾಡಿನ ಊರೂರುಗಳಲ್ಲಿಯೂ ಎಲ್ಲೆಗಳ ಪ್ರಶ್ನೆ ಮತ್ತೆ ಏಳುವುದು ಸಹಜ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಬದಲು, ವಿದ್ಯಾವಂತರಾದ ಗೃಹಸ್ಥರು ಈಗಲೇ ತಮ್ಮ ಬೀದಿಯ ಚಕ್ಕುಬಂದಿಯನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ನೆರೆಯ ಹತ್ತು ಮನೆಯವರೊಡನೆ ಅದನ್ನು ಓದಿಕೊಳ್ಳಲಿ. ಕರಡು ಬಂದ ದಿನ ಹತ್ತು ಜನ ಕೂಡಿ ಹೋಗಿ ಕೊಡಲಿ. ಮೊಹರು ಹಾಕಿಸಿಕೊಂಡು ಮನೆಗೆ ಬಾರದೆ, ಉತ್ತರ ಯಾವಾಗ ಬರುವುದೆಂದು ಕೇಳಲಿ. ನಾನು ಒಬ್ಬನೇ ಕೇಳಿದೆ; ಗುಮಾಸ್ತನು ನಕ್ಕು ಸುಮ್ಮನಾದನು. ಹತ್ತು ಜನ ಕೇಳಿದರೆ ಅವನು ಒಳಗೆ ಹೋಗಿ ಮೇಲಧಿಕಾರಿಯನ್ನು ಕೇಳಲೇಬೇಕಾಗುತ್ತದೆ.