ನೊಣ ತಿನ್ನುವ ಗಿಡಕ್ಕೆ ಗೊಬ್ಬರ ಹಾಕುವವರು

ನಮ್ಮ ತೂಬಗೆರೆಯಂಥ ಊರಿಗೂ ಈಗ ಹುಳ ತಿನ್ನುವ ಗಿಡ ಬಂದಿದೆ. ಬೆಂಗಳೂರಿನ ನರ್ಸರಿಗಳಿಂದ ಅಂಗೈಯಗಲದ ಪ್ಲಾಸ್ಟಿಕ್ ಕುಂಡದಲ್ಲಿ ಬರುತ್ತದೆ; ಹೆಸರು ವೀನಸ್ ಫ್ಲೈಟ್ರ್ಯಾಪ್. ಮಾರುವವರ ಮಾತು ಒಂದೇ: 'ಮನೇಲಿಡಿ ಸಾರ್, ಸೊಳ್ಳೆ ಕಾಟ ತಪ್ಪುತ್ತೆ.' ಕೊಂಡವರು ನಂಬುತ್ತಾರೆ. ನನ್ನ ಜಗಳ ಶುರುವಾಗುವುದು ಇಲ್ಲಿಂದಲೇ.

ಸೊಳ್ಳೆ ಹಿಡಿಯುವುದು ಅದರ ಕಸುಬೇ ಅಲ್ಲ. ಅದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಜವುಗು ನೆಲ. ಅಲ್ಲಿ ಅದರ ಬಾಯಿಗೆ ಬೀಳುವುದು ಹೆಚ್ಚಾಗಿ ನೆಲದ ಮೇಲೆ ಹರಿದಾಡುವ ಇರುವೆ, ಜೇಡ. ಎಲೆಯ ಒಳಗಿನ ಕೂದಲನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಮಾತ್ರ ಬಾಯಿ ಮುಚ್ಚುತ್ತದೆ. ಒಂದು ಮಳೆಹನಿ ಬಿದ್ದ ಮಾತ್ರಕ್ಕೆ ಮೋಸಹೋಗಬಾರದಲ್ಲ! ಹಿಡಿದದ್ದನ್ನು ಅರಗಿಸಲು ವಾರವೋ ಹತ್ತು ದಿನವೋ ಬೇಕು. ಹೀಗೆ ಮೂರ್ನಾಲ್ಕು ಊಟವಾದರೆ ಆ ಎಲೆಯ ಆಯುಸ್ಸು ಮುಗಿಯಿತು. ಇಂಥ ಬಾಯಿಗೆ ಮನೆಗೆ ಬಂದ ನೆಂಟರ ಮಕ್ಕಳೆಲ್ಲ ಸರದಿಯ ಮೇಲೆ ಕಡ್ಡಿ ತುರುಕುತ್ತಾರೆ. ದೊಡ್ಡವರು ಕೋಳಿಮಾಂಸದ ಚೂರು ಇಡುತ್ತಾರೆ. ಮಾಂಸ ಕೊಳೆಯುತ್ತದೆ, ಎಲೆಯೂ ಕೊಳೆಯುತ್ತದೆ. ಆಗ ಯಾರೋ ಪುಣ್ಯಾತ್ಮರು ಒಂದು ಚಿಟಿಕೆ ಯೂರಿಯಾ ಹಾಕಿ ಎನ್ನುತ್ತಾರೆ. ಅಲ್ಲಿಗೆ ಅದರ ತಿಥಿ.

ಈ ಗಿಡಗಳು ಹುಳ ಹಿಡಿಯುವುದು ಪೌರುಷಕ್ಕಲ್ಲ, ಬಡತನಕ್ಕೆ. ನಿಂತ ನೆಲದಲ್ಲಿ ಸಾರಜನಕವಿಲ್ಲ, ರಂಜಕವಿಲ್ಲ. ಅದನ್ನು ಹುಳುವಿನ ಮೈಯಿಂದ ಪಡೆಯುತ್ತವೆ. ಡಾರ್ವಿನ್ ಇವುಗಳ ಮೇಲೆ 1875ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದ. ಅದರ ಬಹುಭಾಗ ಡ್ರೊಸೆರಾ ಎಂಬ ಪುಟ್ಟ ಗಿಡದ್ದು. ಬರಡಿಗೆ ಹೊಂದಿಕೊಂಡ ಬೇರಿಗೆ ಗೊಬ್ಬರವೇ ವಿಷ. ನಮ್ಮ ಬೋರ್‌ವೆಲ್ ನೀರೂ ವಿಷವೇ. ಬಿಂದಿಗೆಯೊಳಗೆ ಬಿಳಿ ಪೊರೆ ಕಟ್ಟುವ ಆ ಗಡಸು ನೀರನ್ನು ತಿಂಗಳುಗಟ್ಟಲೆ ಸುರಿದರೆ ಕುಂಡದಲ್ಲಿ ಉಪ್ಪು ಕೂಡುತ್ತದೆ. ಸಾಲದ್ದಕ್ಕೆ ಕೆರೊಲಿನಾದ ಗಿಡಕ್ಕೆ ವರ್ಷಕ್ಕೆ ಮೂರು ನಾಲ್ಕು ತಿಂಗಳು ಕೊರೆಯುವ ಚಳಿಯ ನಿದ್ದೆ ಬೇಕು. ನಂದಿಬೆಟ್ಟದ ಮಗ್ಗುಲಲ್ಲಿದ್ದೇವೆಂದು ನಾವು ಎಷ್ಟು ಹೆಮ್ಮೆ ಪಟ್ಟರೂ ನಮ್ಮ ಮಾಗಿ ಅದಕ್ಕೆ ಸಾಲದು. ನಿದ್ದೆಗೆಟ್ಟ ಗಿಡ ಒಂದೆರಡು ವರ್ಷದಲ್ಲಿ ಸೊರಗಿ ಹೋಗುತ್ತದೆ. ನಾವು ಇನ್ನೊಂದನ್ನು ಕೊಳ್ಳುತ್ತೇವೆ.

ಅಷ್ಟೇ ಆಗಿದ್ದರೆ ಇದು ದುಡ್ಡಿದ್ದವರ ಖಯಾಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಡಾರ್ವಿನ್ ಬರೆದ ಆ ಡ್ರೊಸೆರಾದ ದಾಯಾದಿಗಳು ನಮ್ಮ ಸೀಮೆಯವೇ. ಬೆಂಗಳೂರಿನ ಸುತ್ತಲ ಬಯಲಿನಲ್ಲಿ ಡ್ರೊಸೆರಾ ಬರ್ಮಾನಿ, ಡ್ರೊಸೆರಾ ಇಂಡಿಕಾ ಎಂಬ ಎರಡು ಜಾತಿಗಳಿವೆ. ಮೊದಲನೆಯದು ನೆಲಕ್ಕೆ ಅಂಟಿಕೊಂಡ ರೂಪಾಯಿ ಬಿಲ್ಲೆಯಷ್ಟು ಅಗಲದ ಕೆಂಪು ಚಕ್ರ. ಎರಡನೆಯದು ನೂಲಿನಂಥ ಎಲೆಗಳನ್ನು ಮೇಲೆತ್ತಿ ನಿಲ್ಲುತ್ತದೆ. ಮಳೆಗಾಲ ಹಿಂದಾಗುವ ಹೊತ್ತಿಗೆ ಬಂಡೆಯಂಚಿನ ಜಿನುಗು ನೀರಿನಲ್ಲಿ, ಗರಸು ನೆಲದ ತೇವದಲ್ಲಿ ಬಗ್ಗಿ ನೋಡಿದರೆ ಎಲೆಯ ತುದಿತುದಿಗೂ ಅಂಟಿನ ಹನಿ ಹೊಳೆಯುತ್ತಿರುತ್ತದೆ. ಕೆರೆಯಲ್ಲಿ ಯುಟ್ರಿಕ್ಯುಲೇರಿಯಾ ಇದೆ. ಅದರ ಸಾಸಿವೆಯಂಥ ಚೀಲಗಳು ನೀರಹುಳುವನ್ನು ಒಳಗೆಳೆದುಕೊಳ್ಳಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಕಿಲ್ಲ. ಅಮೆರಿಕದ ಗಿಡ ಇದರ ಮುಂದೆ ಸೋಮಾರಿ!

ಇವು ಬದುಕುವ ನೆಲಕ್ಕೆ ಪಹಣಿಯಲ್ಲಿ ಒಂದು ಹೆಸರಿದೆ: ಖರಾಬು. ಉಳಲು ಬಾರದ್ದು, ಕಂದಾಯ ಹುಟ್ಟದ್ದು, ಆದ್ದರಿಂದ ಕೆಟ್ಟದ್ದು. ಕೆಟ್ಟದ್ದೆಂದು ಬರೆದ ಮೇಲೆ ಯಾರು ಏನು ಮಾಡಿದರೂ ನಡೆಯುತ್ತದೆ. ಗರಸು ಅಗೆದರು, ಬಂಡೆ ಒಡೆದರು, ನೀಲಗಿರಿ ನೆಟ್ಟರು. ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ಸರ್ಕಾರ ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ನಮ್ಮ ಬಯಲಿನ ತೇವ ಎಷ್ಟೋ ಕಡೆ ಆರಿಹೋಗಿತ್ತು. 2008ರಲ್ಲಿ ದೇವನಹಳ್ಳಿಗೆ ವಿಮಾನ ಇಳಿದ ಮೇಲಂತೂ ಎಲ್ಲಿ ನೋಡಿದರೂ ಬಡಾವಣೆಯ ಕಲ್ಲು. ಆ ಬಡಾವಣೆಯ ಮನೆಯ ಕಿಟಕಿಯಲ್ಲೇ ಈಗ ಕೆರೊಲಿನಾದ ಗಿಡ ಕೂತಿರುವುದು. ಕೆರೊಲಿನಾದವರು ತಮ್ಮ ಗಿಡವನ್ನು ಏನು ಮಾಡಿದರು ಗೊತ್ತೇ? ಉತ್ತರ ಕೆರೊಲಿನಾದಲ್ಲಿ 2014ರಿಂದ ಅದನ್ನು ಕಾಡಿನಿಂದ ಕದ್ದು ಕೀಳುವುದು ಜೈಲಿಗೆ ಹೋಗುವಂಥ ಘೋರ ಅಪರಾಧ.

ಹೆಸರಿಲ್ಲದ್ದು ಹೋದರೆ ಯಾರಿಗೂ ತಿಳಿಯುವುದಿಲ್ಲ ಎಂಬುದೂ ಒಂದು. ಗಡಿಯಾಚೆ ಮಲಯಾಳಿಗಳಿಗೆ ಯುಟ್ರಿಕ್ಯುಲೇರಿಯಾದ ನೀಲಿ ಹೂ ಕಾಕ್ಕಪ್ಪೂವು, ಓಣಂ ರಂಗೋಲಿಗೆ ಬೇಕೇಬೇಕು. ಕಾಸ್ ಪ್ರಸ್ಥಭೂಮಿಯ ಮರಾಠಿಗರಿಗೆ ಅದು ಸೀತೆಯ ಕಣ್ಣೀರು. ನಮ್ಮ ಕಡೆ ಡ್ರೊಸೆರಾವನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ದನ ತಿನ್ನದ, ದೇವರಿಗೆ ಏರದ ಗಿಡಕ್ಕೆ ಹೆಸರೇಕೆ ಎಂದಿರಬೇಕು.

ಬೆಳೆಸಬೇಡಿ ಎನ್ನುವವನಲ್ಲ ನಾನು. ಬೆಳೆಸುವುದಾದರೆ ನೆಟ್ಟಗೆ ಬೆಳೆಸಿ. ತೆಂಗಿನ ನಾರಿನ ಪುಡಿಯನ್ನು ಉಪ್ಪು ಹೋಗುವವರೆಗೆ ನಾಲ್ಕಾರು ಸಲ ತೊಳೆದು ಮರಳಿನೊಂದಿಗೆ ಬೆರೆಸಿ, ತಗ್ಗಾದ ತಟ್ಟೆಯಲ್ಲಿ ಹರಡಿ, ಬಿಸಿಲಿಗಿಡಿ. ಸೂರಿನಿಂದ ಹಿಡಿದ ಮಳೆನೀರನ್ನಷ್ಟೇ ಕೊಡಿ. ಡ್ರೊಸೆರಾ ಬರ್ಮಾನಿಯ ಬೀಜ ಧೂಳಿನಂತಿರುತ್ತದೆ. ಬೆಳೆಸುವವರಿಂದ ಒಂದು ಚಿಟಿಕೆ ತಂದು ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ. ಬಯಲಿನ ಗಿಡವನ್ನು ಮಾತ್ರ ಕೀಳಬೇಡಿ. ಹುಳ ತಂದು ತಿನ್ನಿಸುವ ಉಪಕಾರವೂ ಬೇಡ, ಅದರ ಅನ್ನ ಅದು ನೋಡಿಕೊಳ್ಳುತ್ತದೆ.

ಮತ್ತೊಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯ ಸಮಿತಿಯೂ ತನ್ನ ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನು ಬರೆದಿಟ್ಟ ಒಂದು ದಾಖಲೆ ಪುಸ್ತಕ ಇಡಬೇಕು. ಕುಂಡ ಕೊಳ್ಳಲು ಬೆಂಗಳೂರಿಗೆ ಹೋಗುವ ಮಹನೀಯರು ಒಂದು ಸೋಮವಾರ ಪಂಚಾಯಿತಿ ಕಚೇರಿಗೂ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಲಿ. ಖರಾಬು ನೆಲದ ಪುಟದಲ್ಲಿ ಏನು ಬರೆದಿದ್ದಾರೆ, ಓದಿ ಬರಲಿ.