ಅರ್ಜಿ ಕನ್ನಡದಲ್ಲಿದ್ದರೆ ದುಡ್ಡಿಗೆ ಮೈಲಿಗೆಯೇ?

ಹಾಸನದ ಸಾಲಗಾಮೆ ರಸ್ತೆ ಯಾರಿಗೆ ಗೊತ್ತಿಲ್ಲ? ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇರುವ ರಸ್ತೆ. 1960ರಿಂದ ಅಲ್ಲಿ ಓದಿ ಬೆಂಗಳೂರಿನ ಕಂಪನಿಗಳಲ್ಲಿ ಕುರ್ಚಿ ಹಿಡಿದವರು ಎಷ್ಟೋ ಮಂದಿ. ಆದರೆ ಆ ರಸ್ತೆ ಹಿಡಿದು ಮುಂದಕ್ಕೆ ಹೋದರೆ ಸಾಲಗಾಮೆ ಎಂಬ ಊರೇ ಇದೆ, ಅದೊಂದು ಹೋಬಳಿ, ಅಲ್ಲೂ ಜನ ಬದುಕುತ್ತಿದ್ದಾರೆ ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ ಗೆಳೆಯರೇ?

ಅಂಥ ಹೋಬಳಿಯ ಯಾವುದೇ ಯುವಕ ಸಂಘವನ್ನು ನೋಡಿ. ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವವರು ಅವರೇ, ಗಣಪತಿ ಕೂರಿಸುವವರು ಅವರೇ, ಶಾಲೆ ಮಕ್ಕಳಿಗೆ ನೋಟ್‌ಬುಕ್ ಹಂಚುವವರೂ ಅವರೇ. ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಅಲೆದು ಐವತ್ತು, ನೂರು ಎತ್ತುತ್ತಾರೆ. ಇತ್ತ ಬೆಂಗಳೂರಿನಲ್ಲಿ ಕೋಟಿಗಟ್ಟಲೆ ಹಣ ಇದೇ ಕೆಲಸಕ್ಕೆಂದು ಎತ್ತಿಟ್ಟು ಕಾದಿದೆ!

ಇದು ಯಾರದೋ ಔದಾರ್ಯವಲ್ಲ, ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಓದಿ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ನೆಲೆ ನಿಂತ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಅಲ್ಲೇ ಬರೆದಿದೆ. ಶಿಕ್ಷಣ, ಸಾರ್ವಜನಿಕ ಗ್ರಂಥಾಲಯ, ಕಲೆ, ಸಂಸ್ಕೃತಿ, ನೆಲ-ಜಲ ಎಲ್ಲವೂ ಆ ಪಟ್ಟಿಯಲ್ಲಿವೆ.

ಹಾಗಾದರೆ ಹೋಬಳಿಯ ಸಂಘ ಯಾಕೆ ಹೊರಗೆ ನಿಂತಿದೆ? ಬಾಗಿಲಲ್ಲಿ ಇಂಗ್ಲಿಷ್ ಕೂತಿದೆ, ಅದಕ್ಕೆ! 2021ರ ಏಪ್ರಿಲ್ 1ರಿಂದ ಕಂಪನಿ ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ನಮೂನೆ ತುಂಬಿ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳಲೇಬೇಕು. ನಮೂನೆ ಇಂಗ್ಲಿಷ್. ಅದಾದ ಮೇಲೆ ಪ್ರತಿಷ್ಠಾನದ ಅರ್ಜಿ, ಅದೂ ಸಾಮಾನ್ಯವಾಗಿ ಇಂಗ್ಲಿಷೇ. ‘ಬೇಸ್‌ಲೈನ್’ ಕೊಡಿ, ‘ಔಟ್‌ಕಮ್’ ಕೊಡಿ ಎನ್ನುತ್ತಾರೆ. ಏನಪ್ಪಾ ಅದು ಎಂದರೆ, ಈಗ ಎಷ್ಟು ಮಕ್ಕಳು ತಡವರಿಸದೆ ಓದುತ್ತಾರೆ, ವರ್ಷ ಕಳೆದ ಮೇಲೆ ಎಷ್ಟು ಮಕ್ಕಳು ಓದಬೇಕು ಅಂತ. ಇಷ್ಟನ್ನು ನಮ್ಮ ಹಳ್ಳಿಯ ಮೇಷ್ಟ್ರು ಕನ್ನಡದಲ್ಲಿ ಅರ್ಧ ಪುಟದಲ್ಲಿ ಬರೆದುಕೊಡುತ್ತಾರೆ. ಕರ್ನಾಟಕದ ನೆಲದಲ್ಲಿ, ಕನ್ನಡದ ಮಕ್ಕಳ ಕೆಲಸಕ್ಕೆ, ಕನ್ನಡದಲ್ಲಿ ಬರೆದರೆ ಆಗುವ ನಷ್ಟವೇನು?

ಆಗುವುದಿಲ್ಲ ಎನ್ನುವವರಿಗೆ ಉತ್ತರ ಬೆಂಗಳೂರಿನಲ್ಲೇ ಇದೆ. 1993ರಲ್ಲಿ ಹುಟ್ಟಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತದ ಯಾವ ಭಾಷೆಯಲ್ಲಾದರೂ ಅರ್ಜಿ ಬರೆಯಿರಿ ಎನ್ನುತ್ತದೆ. ನಮ್ಮ ಸರ್ಕಾರಿ ಶಾಲೆಗಳ ಮೇಷ್ಟ್ರುಗಳಿಗೆ ‘ಕಲಿ-ಕಲಿಸು’ ಯೋಜನೆಯಲ್ಲಿ ಅನುದಾನ ಕೊಟ್ಟಿದೆ. ಅವರಿಗೆ ಆದದ್ದು ಮಿಕ್ಕವರಿಗೆ ಯಾಕಾಗದು?

ಇನ್ನು ನಮ್ಮ ಕಡೆಯ ಹುಳುಕನ್ನೂ ಆಡಿಬಿಡೋಣ. ಬರೀ ಇಂಗ್ಲಿಷನ್ನು ಬೈದು ಮನೆಗೆ ಹೋದರೆ ಆಗಲಿಲ್ಲ. ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡುತ್ತೇವೆ. ನೋಂದಣಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತೇವೆ. ಅಲ್ಲಿಗೆ ಮುಗಿಯಿತು! ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಸಭೆಯಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಎಷ್ಟು ಸಂಘ ಮಾಡಿವೆ? ಚಂದಾ ಹಣ ಅಧ್ಯಕ್ಷರ ಜೇಬಿನಲ್ಲಿ, ಲೆಕ್ಕ ಖಜಾಂಚಿಯ ತಲೆಯಲ್ಲಿ. ಕಂಪನಿ ದುಡ್ಡಿಗೆ ಆದಾಯ ತೆರಿಗೆಯವರ 12ಎ, 80ಜಿ ನೋಂದಣಿ ಬೇಕು, ಅದೇ ಬಗೆಯ ಕೆಲಸ ಮೂರು ವರ್ಷ ಮಾಡಿದ ದಾಖಲೆ ಬೇಕು. ಇವತ್ತು ಬೋರ್ಡು ಬರೆಸಿ ನಾಳೆ ಕೈಚಾಚಿದರೆ ಯಾರು ಕೊಡುತ್ತಾರೆ?

ಕೇಳುವುದರಲ್ಲೂ ಒಂದು ರೀತಿಯಿದೆ. ‘ಕನ್ನಡ ಹಬ್ಬ ಅದ್ದೂರಿಯಾಗಿ ಮಾಡಲು ಧನಸಹಾಯ ನೀಡಿ’ ಎಂದರೆ ಪತ್ರ ಕಸದ ಬುಟ್ಟಿಗೆ. ಶಾಲೆಯ ಒಂದು ಕೋಣೆ ಖಾಲಿಯಿದೆ, ಸಂಜೆ ಎರಡು ಗಂಟೆ ವಾಚನಾಲಯ ನಡೆಸುತ್ತೇವೆ, ಬೀರು ಇಷ್ಟು, ಪುಸ್ತಕ ಇಷ್ಟು, ನೋಡಿಕೊಳ್ಳುವ ಹುಡುಗಿಗೆ ತಿಂಗಳಿಗೆ ಇಷ್ಟು, ಊರಿನವರ ಪಾಲು ಇಷ್ಟು ಎಂದು ಬರೆದರೆ ಓದುತ್ತಾರೆ. ಮೊದಲು ಸಣ್ಣದು ಕೇಳಿ, ಖರ್ಚಿನ ಬಿಲ್ಲು ಇಟ್ಟುಕೊಳ್ಳಿ. ಎರಡನೇ ಅರ್ಜಿಗೆ ಆ ಬಿಲ್ಲುಗಳೇ ಶಿಫಾರಸು.

ಬೆಂಗಳೂರಿನ ಕನ್ನಡ ತರುಣರೇ, ಹಾಸನದ ಬಸ್ಸು ಹತ್ತುವುದು ಬರೀ ಹಬ್ಬಕ್ಕೆ, ಮದುವೆಗೆ ಬೇಡ. ಒಂದು ಭಾನುವಾರ ನಿಮ್ಮೂರ ಸಂಘದವರ ಜೊತೆ ಕೂತು ಮೂರು ವರ್ಷದ ಲೆಕ್ಕ ಬರೆಸಿ, ಸಿಎಸ್‌ಆರ್-1 ತುಂಬಿಸಿ. ಸೋಮವಾರ ನಿಮ್ಮದೇ ಕಂಪನಿಯಲ್ಲಿ ಈ ಹಣ ನೋಡಿಕೊಳ್ಳುವ ಅಧಿಕಾರಿಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿ: ಕನ್ನಡದಲ್ಲಿ ಬರೆದ ಅರ್ಜಿ ತೆಗೆದುಕೊಳ್ಳುತ್ತೀರೋ ಇಲ್ಲವೋ? ಅವರು ಕೊಟ್ಟ ಉತ್ತರವನ್ನು ನಮಗೆ ಬರೆದು ಕಳಿಸಿ. ಹೌದಾದರೂ, ಇಲ್ಲವಾದರೂ, ಕಂಪನಿಯ ಹೆಸರು ಸಮೇತ ಅಚ್ಚು ಹಾಕುತ್ತೇವೆ.