ಒಂದು ಹೊಲ, ಎರಡು ವರದಿ

ಮಾನ್ವಿ, ದೇವದುರ್ಗದ ಒಕ್ಕಲು ಮನೆತನಗಳಿಗೆ ಮಣ್ಣು ಪರೀಕ್ಷೆಯ ವರದಿ ಇಂದು ಅಪರಿಚಿತವಲ್ಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆ ಅದನ್ನು ಹಳ್ಳಿಹಳ್ಳಿಗೆ ತಲುಪಿಸಿತು. ಆದರೆ ಒಂದೇ ಹೊಲಕ್ಕೆ ಎರಡು ಕಡೆಯಿಂದ ಬೇರೆ ಬೇರೆ ಅಂಕಿಗಳು ಬಂದರೆ ಮನಸ್ಸು ಡೋಲಾಯಮಾನವಾಗುತ್ತದೆ. ಪರೀಕ್ಷೆಯೇ ಸುಳ್ಳೆಂದು ಬಗೆದು, ನೆರೆಯವರು ಹಾಕಿದಷ್ಟೇ ಗೊಬ್ಬರವನ್ನು ಸಾಲ ಮಾಡಿ ತಂದು ಹಾಕುವವರುಂಟು. ಅದರಿಂದ ಮನೆಯ ಗಂಟೂ ಕರಗುತ್ತದೆ, ಮಣ್ಣಿನ ಗುಣವೂ ಕೆಡುತ್ತದೆ.

ಅಂಕಿಗಳು ಏಕೆ ಬೇರೆಯಾಗುತ್ತವೆ? ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಪ್ರಯೋಗಾಲಯ ಸೇರುವುದು ಅರ್ಧ ಕಿಲೋ. ಪರೀಕ್ಷೆಗೆ ಒಳಗಾಗುವುದು ಕೆಲವೇ ಗ್ರಾಂ. ತುಂಗಭದ್ರಾ ಎಡದಂಡೆಯ ನೀರುಣ್ಣುವ ಮಾನ್ವಿಯಲ್ಲಾಗಲಿ, ನಾರಾಯಣಪುರ ಬಲದಂಡೆಯ ದೇವದುರ್ಗದಲ್ಲಾಗಲಿ, ಎರೆಹೊಲದ ತಗ್ಗಿನ ಮೂಲೆ ಸವಳಾಗಿದ್ದು ದಿಬ್ಬದ ಭಾಗ ಚೆನ್ನಾಗಿರಬಹುದು. ಮೇಲಾಗಿ, ಆ ಯೋಜನೆಯ ಮೂಲ ನಿಯಮದಂತೆ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ. ನಮ್ಮ ಚೀಟಿಯಲ್ಲಿರುವುದು ನೆರೆಹೊಲವೂ ಕೂಡಿದ ಮಣ್ಣಿನ ಲೆಕ್ಕವಾಗಿರಬಹುದು.

ಮಾನದ ಭೇದವೂ ಉಂಟು. ಒಂದು ವರದಿ ರಂಜಕವನ್ನು ಧಾತುರೂಪದಲ್ಲಿ ಹೇಳಿದರೆ, ಇನ್ನೊಂದು ಅದರ ಆಕ್ಸೈಡ್ ರೂಪದಲ್ಲಿ ಹೇಳುತ್ತದೆ. ಹೆಕ್ಟೇರಿಗೆ 20 ಕಿಲೋ ಧಾತುವೆಂದರೆ ಸುಮಾರು 46 ಕಿಲೋ ಆಕ್ಸೈಡ್. ಆಕ್ಸೈಡ್ ರೂಪದಲ್ಲಿ 23ಕ್ಕಿಂತ ಕೆಳಗಿನದನ್ನು ಕೊರತೆಯೆಂದು ಎಣಿಸುವುದು ರೂಢಿ. ಆದುದರಿಂದ ಧಾತುವಿನ 20ನ್ನು ಆಕ್ಸೈಡೆಂದು ಓದಿದರೆ, ಮಧ್ಯಮ ಮಟ್ಟದ ಹೊಲಕ್ಕೆ ಅನಗತ್ಯ ಡಿಎಪಿ ಬೀಳುತ್ತದೆ. ಅತಿಯಾದ ರಂಜಕ ಭತ್ತಕ್ಕೆ ಸತುವಿನ ಕೊರತೆಯನ್ನೂ ಹೆಚ್ಚಿಸೀತು. ಹೆಕ್ಟೇರು, ಎಕರೆಗಳ ವ್ಯತ್ಯಾಸವನ್ನೂ ಗಮನಿಸಬೇಕು.

ಆದ್ದರಿಂದ ಮಾದರಿ ತೆಗೆಯುವ ಕೆಲಸವನ್ನು ಮನೆಯ ಹಿರಿಯರೇ ನಿಂತು ಮಾಡಿಸಲಿ. ಸುಗ್ಗಿ ಮುಗಿದ ಮೇಲೆ, ಗೊಬ್ಬರ ಹಾಕುವ ಮೊದಲು, ಬದು, ಮರದ ನೆರಳು, ತಿಪ್ಪೆಯ ಜಾಗಗಳನ್ನು ಬಿಟ್ಟು, 10–15 ಕಡೆಯ ಮಣ್ಣನ್ನು ಕೂಡಿಸಿ ಬೆರೆಸಬೇಕು. ಸವಳು ಭಾಗದ ಮಾದರಿ ಬೇರೆಯೇ ಇರಲಿ. ಗೊಬ್ಬರದ ಹಳೆಯ ಚೀಲದ ಮೇಲೆ ಮಣ್ಣು ಒಣಗಿಸಬಾರದು. ನೆರಳಲ್ಲಿ ಒಣಗಿದ ಅರ್ಧ ಕಿಲೋ ಸಾಕು.

ಎರಡು ವರದಿ ಬಂದಾಗ ಮೊದಲು ಮಾನವನ್ನು ಒಂದಾಗಿಸಿ ನೋಡೋಣ. ಎರಡೂ ಒಂದೇ ವರ್ಗಕ್ಕೆ, ಅಂದರೆ ಕಡಿಮೆ, ಮಧ್ಯಮ, ಹೆಚ್ಚು ಎಂಬವುಗಳಲ್ಲಿ ಒಂದಕ್ಕೆ ಬಿದ್ದರೆ, ಅಂಕಿಯ ಸಣ್ಣ ಅಂತರಕ್ಕೆ ಅಂಜಬೇಕಿಲ್ಲ. ಗೊಬ್ಬರದ ನಿರ್ಣಯ ಒಂದೇ. ವರ್ಗವೇ ಬದಲಾದರೆ ಹೊಸ ಮಾದರಿ ತೆಗೆದು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ಕೇಳುವುದು ಲೇಸು. ಮತ್ತೊಮ್ಮೆ ಮಣ್ಣು ಅಗೆಯುವ ಶ್ರಮ, ಬೇಡದ ಗೊಬ್ಬರಕ್ಕೆ ಮಾಡುವ ಸಾಲಕ್ಕಿಂತ ಹಗುರವಾದುದು.